ಮೊಬೈಲ್ ಪರದೆಯ ಓಟ, ಮೈದಾನದ ಗಡಿಯಾರ

2020ರ ಫೆಬ್ರವರಿಯ ಆರಂಭ. ದಕ್ಷಿಣ ಕನ್ನಡದ ಐಕಳದಲ್ಲಿ ನಡೆದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆಗೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದಾಗ 9.55 ಸೆಕೆಂಡು ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಅಷ್ಟು ಸಾಕಾಯಿತು. ಕೆಸರುಗದ್ದೆಯ ಆ ಓಟ ಕೆಲವೇ ದಿನಗಳಲ್ಲಿ ದೇಶದ ಎಲ್ಲ ಮೊಬೈಲ್‌ಗಳಿಗೂ ತಲುಪಿತು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರೇ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷಾರ್ಥ ಓಟಕ್ಕೆ ಕರೆಸುವುದಾಗಿ ಟ್ವೀಟ್ ಮಾಡಿದರು. ಶ್ರೀನಿವಾಸ ಗೌಡರು ಹೋಗಲಿಲ್ಲ. ಕೋಣಗಳ ವೇಗದ ಬಲದಲ್ಲಿ ಓಡುವುದೇ ಬೇರೆ, ಟ್ರ್ಯಾಕಿನಲ್ಲಿ ಒಬ್ಬಂಟಿಯಾಗಿ ಓಡುವುದೇ ಬೇರೆ ಎಂಬ ವಿವೇಕ ಅವರಿಗಿತ್ತು.

ಅದಕ್ಕೂ ಆರು ತಿಂಗಳು ಮೊದಲು, 2019ರ ಆಗಸ್ಟಿನಲ್ಲಿ, ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ರಾಮೇಶ್ವರ ಗುರ್ಜರ್ ಎಂಬ ಯುವಕನ ವಿಡಿಯೊ ಹೀಗೆಯೇ ಹರಡಿತ್ತು. ರಸ್ತೆಯ ಮೇಲೆ ಬರಿಗಾಲಿನಲ್ಲಿ ನೂರು ಮೀಟರನ್ನು 11 ಸೆಕೆಂಡುಗಳಲ್ಲಿ ಓಡಿದನೆಂಬುದು ಅದರ ಸಾರ. ಆತನನ್ನು ಭೋಪಾಲದ ಟಿ.ಟಿ. ನಗರ ಕ್ರೀಡಾಂಗಣಕ್ಕೆ ಕರೆಸಲಾಯಿತು. ಅಲ್ಲಿ ತರಬೇತಿ ಪಡೆದ ಓಟಗಾರರ ನಡುವೆ ಆತ ಕೊನೆಯವನಾಗಿ ಗುರಿ ಮುಟ್ಟಿದ. ಅದರಲ್ಲಿ ಹುಡುಗನ ತಪ್ಪೇನೂ ಇರಲಿಲ್ಲ. ರಸ್ತೆಯನ್ನು ಅಳೆದವರಿರಲಿಲ್ಲ, ಗಡಿಯಾರ ಹಿಡಿದವರು ತೀರ್ಪುಗಾರರಾಗಿರಲಿಲ್ಲ. ಹೊಗಳಿದ ಜನ ಮಾತ್ರ ಮರುದಿನವೇ ಮರೆತರು.

ಈ ಎರಡು ಪ್ರಸಂಗಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಕನ್ನಡ ಶಾಲೆಗಳ ಮಕ್ಕಳ ಕೈಗೂ ಈಗ ಮೊಬೈಲ್ ಬಂದಿದೆ. ಕಬಡ್ಡಿಯ ಒಂದು ದಾಳಿ, ಖೋ-ಖೋದ ಒಂದು ಜಿಗಿತ ಇನ್‌ಸ್ಟಾಗ್ರಾಮಿನ ರೀಲ್ ಆಗುತ್ತದೆ. ‘ಇದನ್ನು ಯಾರಾದರೂ ದೊಡ್ಡವರು ನೋಡಿ ಕರೆದಾರು’ ಎಂಬ ಆಸೆ ಹುಡುಗನಲ್ಲಿ ಮಾತ್ರವಲ್ಲ, ಮನೆಯವರಲ್ಲಿಯೂ ಮೂಡುತ್ತದೆ. ಹತ್ತನೆಯ ತರಗತಿಯ ನಂತರ ಕನ್ನಡ ಮಾಧ್ಯಮದ ದಾರಿ ಕಿರಿದಾಗುವ ಗಡಿನಾಡಿನಲ್ಲಿ ಆಟವೊಂದು ಕಾಲೇಜಿನ ಬಾಗಿಲು ತೆರೆಯಬಹುದಾದರೆ ಅದು ಸಣ್ಣ ಮಾತಲ್ಲ.

ಬಾಗಿಲು ಇರುವುದಂತೂ ನಿಜ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವು ಪ್ರತಿಭಾವಂತ ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತವಾಗಿ ಊಟ, ವಸತಿ, ಶಿಕ್ಷಣ ನೀಡುತ್ತ ಬಂದಿದೆ. ಅದೇ ಸಂಸ್ಥೆ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆಯಾದ ಮಕ್ಕಳಿಗೆ ಉಚಿತ ಕನ್ನಡ ಮಾಧ್ಯಮ ಶಾಲೆಯನ್ನೂ ನಡೆಸುತ್ತಿದೆ ಎಂಬುದು ನಮ್ಮ ಭಾಗದ ಪೋಷಕರು ಗಮನಿಸಬೇಕಾದ ಸಂಗತಿ. ಕೃಷ್ಣಾ ನದಿ ದಾಟಿದರೆ ರಾಯಚೂರು, ಇನ್ನೊಂದು ದಿಕ್ಕಿಗೆ ಯಾದಗಿರಿ. ಕರ್ನಾಟಕ ಸರ್ಕಾರದ ಕ್ರೀಡಾ ವಸತಿನಿಲಯಗಳ ವಿಷಯದಲ್ಲಿ ಮಾತ್ರ ಆಯಾ ವರ್ಷದ ಪ್ರಕಟಣೆಯಲ್ಲಿನ ವಾಸಸ್ಥಳದ ಷರತ್ತನ್ನು ಮೊದಲು ಓದಿಕೊಂಡೇ ಹೆಜ್ಜೆ ಇಡಬೇಕು.

ತೆಲಂಗಾಣದೊಳಗಿನ ದಾರಿ ಇನ್ನೂ ಹತ್ತಿರದ್ದು. ಹೈದರಾಬಾದ್ ಹೊರವಲಯದ ಹಕೀಂಪೇಟೆಯ ಕ್ರೀಡಾ ಶಾಲೆಗೆ ನಾಲ್ಕನೆಯ ತರಗತಿಗೇ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಆಯ್ಕೆ ಮಂಡಲ ಮಟ್ಟದಲ್ಲಿ ಆರಂಭವಾಗಿ ಜಿಲ್ಲೆ, ರಾಜ್ಯಗಳಿಗೆ ಏರುತ್ತದೆ. ಎತ್ತರ, ತೂಕ, 30 ಮೀಟರ್ ಓಟ, 800 ಮೀಟರ್ ಓಟ, ನಿಂತಲ್ಲಿಂದ ಉದ್ದಜಿಗಿತ, ಷಟಲ್ ಓಟ, ಮೆಡಿಸಿನ್ ಬಾಲ್ ಎಸೆತ ಇತ್ಯಾದಿಗಳನ್ನು ಅಳೆದು ಅಂಕ ಕೊಡುವ ಪದ್ಧತಿ ಅದು. ಅಲ್ಲಿ ಯಾವ ಭಾಷೆಯ ಶಾಲೆಯಿಂದ ಬಂದೆ ಎಂದು ಅಳತೆಪಟ್ಟಿ ಕೇಳುವುದಿಲ್ಲ. 2025ರ ಜೂನ್‌ನಲ್ಲಿ ಮಕ್ತಲ್ ಶಾಸಕ ವಾಕಿಟಿ ಶ್ರೀಹರಿ ಅವರು ರಾಜ್ಯದ ಕ್ರೀಡೆ ಮತ್ತು ಯುವಜನ ಸೇವೆಗಳ ಖಾತೆಯ ಸಚಿವರಾದರು. ಗಡಿಯ ಮಂಡಲಗಳ ಮೈದಾನಗಳ ಬಗೆಗೆ ಕೇಳಬೇಕಾದುದನ್ನು ಕೇಳಲು ಇದಕ್ಕಿಂತ ಹತ್ತಿರದ ವಿಳಾಸ ಸಿಗಲಾರದು.

ಅಥ್ಲೆಟಿಕ್ಸ್‌ನಲ್ಲಿ ಇನ್ನೊಂದು ಅವಕಾಶವಿದೆ. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ರಾಷ್ಟ್ರೀಯ ಅಂತರ ಜಿಲ್ಲಾ ಕಿರಿಯರ ಕೂಟಕ್ಕೆ ತಂಡಗಳು ಬರುವುದು ಜಿಲ್ಲಾವಾರು. ನಾರಾಯಣಪೇಟೆ 2019ರ ಫೆಬ್ರವರಿ 17ರಂದು ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿಯವರೆಗೆ ಮಹಬೂಬ್‌ನಗರದ ದೊಡ್ಡ ಗುಂಪಿನಲ್ಲಿ ಒಬ್ಬರಾಗಿದ್ದವರು ಈಗ ತಮ್ಮದೇ ಜಿಲ್ಲೆಯ ಹೆಸರಿನಲ್ಲಿ ಓಡಬಹುದು.

ಹಾಗಾದರೆ ಮೊಬೈಲಿಗೆ ಕೆಲಸವೇ ಇಲ್ಲವೇ? ಇದೆ. 2017ರ ಆಗಸ್ಟ್ 28ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ರಾಷ್ಟ್ರೀಯ ಕ್ರೀಡಾ ಪ್ರತಿಭಾ ಶೋಧ ಪೋರ್ಟಲ್ಲಿಗೆ ಚಾಲನೆ ನೀಡಿದಾಗ, ಮಗುವೋ ಪೋಷಕರೋ ತಮ್ಮ ವಿವರದ ಜೊತೆಗೆ ವಿಡಿಯೊವನ್ನೂ ಸೇರಿಸಬಹುದೆಂಬುದೇ ಅದರ ವಿಶೇಷವಾಗಿತ್ತು. ಅಮೆರಿಕದಲ್ಲಿ ಕಾಲೇಜು ತರಬೇತುದಾರರು ವಿಡಿಯೊ ನೋಡಿ ಆಟಗಾರರನ್ನು ಹುಡುಕುವುದು ಸಾಮಾನ್ಯ. ಅಲ್ಲಿಯೂ ಮೇಲಿನ ದರ್ಜೆಯ ಕಾಲೇಜುಗಳ ತರಬೇತುದಾರರು ಹೆಚ್ಚಿನ ಕ್ರೀಡೆಗಳಲ್ಲಿ ಹತ್ತನೆಯ ತರಗತಿ ಮುಗಿದ ಬಳಿಕದ ಜೂನ್ 15ರವರೆಗೆ ವಿದ್ಯಾರ್ಥಿಗೆ ಖಾಸಗಿ ಸಂದೇಶ ಕಳುಹಿಸುವಂತಿಲ್ಲ. ದೆಹಲಿಯ ತೇಜಸ್ವಿನ್ ಶಂಕರ್ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನದ ಮೇಲೆ ಹೋದದ್ದು 2017ರಲ್ಲಿ. ಅದರ ಹಿಂದಿನ ನವೆಂಬರ್‌ನಲ್ಲಿ ಕೊಯಮತ್ತೂರಿನ ಕಿರಿಯರ ಕೂಟದಲ್ಲಿ ಅವರು 2.26 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆಯನ್ನೇ ಮುರಿದಿದ್ದರು. ದಾಖಲೆ ಮೊದಲು, ಕರೆ ಆಮೇಲೆ.

ಆದ್ದರಿಂದ ವಿಡಿಯೊ ಎಂಬುದು ಫಲಿತಾಂಶಪಟ್ಟಿಗೆ ಹೊಂದಿಸಿದ ಸಾಕ್ಷಿಯಾಗಬೇಕು. ಮಂಡಲ ಅಥವಾ ಜಿಲ್ಲಾ ಕೂಟದಲ್ಲಿಯೇ ಚಿತ್ರೀಕರಿಸಬೇಕು. ಮೊಬೈಲನ್ನು ಅಡ್ಡ ಹಿಡಿದು, ಓಟವಾದರೆ ಆರಂಭದ ಸದ್ದಿನಿಂದ ಗುರಿಗೆರೆಯವರೆಗೆ ಎಲ್ಲಿಯೂ ಕತ್ತರಿಸದೆ ತೋರಿಸಬೇಕು. ಅಂಗಿಯ ಸಂಖ್ಯೆ ಕಾಣಬೇಕು. ಸಿನಿಮಾ ಹಾಡು, ನಿಧಾನಗತಿಯ ದೃಶ್ಯ, ಹೊಳಪಿನ ಬಣ್ಣ ಇವೆಲ್ಲ ಗೆಳೆಯರಿಗೆ ಹಿತ, ತರಬೇತುದಾರರಿಗೆ ಅಡ್ಡಿ. ಕಬಡ್ಡಿಯಾದರೆ ಅಂಕಣ ಪೂರ್ತಿ ಕಾಣುವ ಎತ್ತರದ ಜಾಗದಿಂದ, ಸಿಕ್ಕಿಬಿದ್ದ ದಾಳಿಗಳನ್ನೂ ಸೇರಿಸಿ ಒಂದಿಡೀ ಪಂದ್ಯವನ್ನು ಇಟ್ಟುಕೊಂಡಿರಬೇಕು. ಗೆದ್ದ ಕ್ಷಣಗಳನ್ನೇ ಪೋಣಿಸಿದ ಎರಡು ನಿಮಿಷದ ತುಣುಕು ಆಸಕ್ತಿ ಕೆರಳಿಸೀತು. ಬಿದ್ದ ಮೇಲೆ ಹುಡುಗಿ ಹೇಗೆ ಎದ್ದಳು ಎಂಬುದು ಇಡೀ ಪಂದ್ಯದಲ್ಲಷ್ಟೇ ಕಾಣುತ್ತದೆ.

ಸಮಯದ ವಿಷಯದಲ್ಲಿ ಪ್ರಾಮಾಣಿಕತೆ ಇನ್ನೂ ಮುಖ್ಯ. ಕೈಗಡಿಯಾರದ ಎಣಿಕೆ ಯಂತ್ರದ ಎಣಿಕೆಗಿಂತ ಕಡಿಮೆ ತೋರಿಸುತ್ತದೆ. ನೂರು, ಇನ್ನೂರು ಮೀಟರ್ ಓಟಗಳಲ್ಲಿ 0.24 ಸೆಕೆಂಡು ಕೂಡಿಸಿಕೊಳ್ಳುವುದು ರೂಢಿ. ಶಾಲಾ ಮೈದಾನದಲ್ಲಿ ಕೈಯಲ್ಲಿ ಎಣಿಸಿದ 11.4 ಸೆಕೆಂಡು ಯಂತ್ರದಲ್ಲಿ 11.64ರ ಸುಮಾರು. ‘ಕೈ ಎಣಿಕೆ’ ಎಂದು ಬರೆದರೆ ಯಾರೂ ಕೀಳಾಗಿ ನೋಡುವುದಿಲ್ಲ. ಬರೆಯದೆ ಮುಚ್ಚಿಟ್ಟರೆ ಶಿವಪುರಿಯ ಹುಡುಗನಿಗಾದಂತೆ ಎಲ್ಲರೆದುರು ಬಯಲಾಗುತ್ತದೆ.

ಕನ್ನಡ ಶಾಲೆಯ ಮಕ್ಕಳನ್ನು ಕಾಡುವ ತೊಡಕು ಬೇರೊಂದಿದೆ, ಅದು ಹೆಸರು. ಶಾಲಾ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಕ್ರೀಡಾಕೂಟದ ಪ್ರಮಾಣಪತ್ರದಲ್ಲಿ ತೆಲುಗಿನ ಉಚ್ಚಾರಕ್ಕೆ ತಕ್ಕ ಮೂರನೆಯ ರೀತಿ. ಹುಟ್ಟಿದ ದಿನಾಂಕದಲ್ಲಿಯೂ ವ್ಯತ್ಯಾಸವಿದ್ದರೆ ಗೆದ್ದ ಪದಕವೂ ಕೈಕೊಡುತ್ತದೆ. ವಯಸ್ಸಿನ ಬಗೆಗೆ ಸಂಶಯ ಬಂದಾಗ ಮೂಳೆಯ ಪರೀಕ್ಷೆ ಮಾಡಿಸುವ ಕಾಲವಿದು. ವಿಡಿಯೊಗಿಂತ ಮೊದಲು ಈ ಮೂರು ಕಾಗದಗಳನ್ನು ಒಂದಾಗಿಸುವುದು ಪೋಷಕರ ಕೆಲಸ. ವಿಡಿಯೊದ ಕೆಳಗಿನ ಬರಹದಲ್ಲಿಯೂ ಕನ್ನಡದ ಜೊತೆಗೆ ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಕೂಟದ ಹೆಸರು, ದಿನಾಂಕ, ವಯೋಮಿತಿ, ಫಲಿತಾಂಶ ಇರಲಿ. ಹಕೀಂಪೇಟೆಯಲ್ಲಿ ನೋಡುವವರಿಗೂ ಮೂಡುಬಿದಿರೆಯಲ್ಲಿ ನೋಡುವವರಿಗೂ ಅದು ತಿಳಿಯಬೇಕಲ್ಲವೇ?

ಹೆಣ್ಣುಮಕ್ಕಳ ಮನೆಗಳಲ್ಲಿ ಅಳುಕು ಹೆಚ್ಚು, ಅದು ಸಕಾರಣವಾದದ್ದೇ. ಇನ್‌ಸ್ಟಾಗ್ರಾಮಿನ ನಿಯಮದಂತೆ 13 ವರ್ಷ ತುಂಬದವರು ಖಾತೆ ತೆರೆಯುವಂತಿಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮನೆ, ಶಾಲೆಯ ವಿಳಾಸ, ಅಭ್ಯಾಸಕ್ಕೆ ಹೋಗುವ ಹೊತ್ತು, ಫೋನ್ ಸಂಖ್ಯೆ ಇವು ಬಹಿರಂಗವಾಗಿ ಇರಲೇಬಾರದು. ಹಾಗೆಂದು ಮಗಳ ಆಟವನ್ನೇ ಬಚ್ಚಿಡಬೇಕಾಗಿಲ್ಲ. ವಿಡಿಯೊವನ್ನು ಯೂಟ್ಯೂಬಿನಲ್ಲಿ ಕೊಂಡಿ ಇದ್ದವರಿಗಷ್ಟೇ ಕಾಣುವಂತೆ ಇಟ್ಟು, ಆ ಕೊಂಡಿಯನ್ನು ಅಂಕಪಟ್ಟಿ, ಪ್ರಮಾಣಪತ್ರಗಳ ಪ್ರತಿಯೊಡನೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ನೇರವಾಗಿ ಕಳುಹಿಸಬಹುದು. ಸಾವಿರ ಮೆಚ್ಚುಗೆಗಳಿಗಿಂತ ಆ ಒಂದು ಪತ್ರಕ್ಕೆ ತೂಕ ಹೆಚ್ಚು. ಪತ್ರದಲ್ಲಿ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಹೆಸರಿದ್ದರೆ ಇನ್ನೂ ಒಳ್ಳೆಯದು. ವಿಚಾರಿಸುವವರು ಮೊದಲು ಕೇಳುವುದು ಅವರನ್ನೇ.

‘ನಿಮ್ಮ ಮಗ ಆಯ್ಕೆಯಾಗಿದ್ದಾನೆ, ನೋಂದಣಿ ಶುಲ್ಕ ಕಳುಹಿಸಿ’ ಎಂಬ ಸಂದೇಶ ಬಂದರೆ ಹಣ ಹಾಕುವ ಮೊದಲು ಆ ಸಂಸ್ಥೆಯ ಕಚೇರಿಗೇ ಕರೆಮಾಡಿ ಕೇಳಬೇಕು. ಕೇಂದ್ರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ಕೈಖರ್ಚಿಗೆಂದು ತಿಂಗಳಿಗೆ 10,000 ರೂಪಾಯಿ ಸರ್ಕಾರವೇ ಕೊಡುತ್ತದೆ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.