ಮದ್ದಿಲ್ಲದ ರೋಗಕ್ಕೆ ಊರೊಗ್ಗಟ್ಟಿನ ಮದ್ದು

ಸಿಗಡಿ ಎಂದೊಡನೆ ನಮ್ಮ ವಾಚಕರಲ್ಲಿ ಕೆಲವರಿಗೆ ಬಾಯಲ್ಲಿ ನೀರೂರುವುದು. ಮತ್ತೆ ಕೆಲವರು ಮೂಗಿಗೆ ಸೆರಗು ಹಿಡಿಯುವರು. ಉತ್ತರ ಕನ್ನಡದವರಿಗೆ ಅದು ಶೆಟ್ಲಿ, ತುಳುವರಿಗೆ ಎಟ್ಟಿ, ತೆಲುಗರಿಗೆ ರೊಯ್ಯ. ತಿನ್ನುವವರಾಗಲಿ ತಿನ್ನದವರಾಗಲಿ, ಈ ಪುಟ್ಟ ಜೀವಿಯನ್ನು ನಂಬಿ ಆಂಧ್ರದ ಕರಾವಳಿಯಲ್ಲಿ ಸಾವಿರಾರು ಸಂಸಾರಗಳು ಬಾಳುತ್ತಿವೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಆ ಸಂಸಾರಗಳು ಮುಳುಗಿದ ಬಗೆಯೂ ಮತ್ತೆ ತಲೆಯೆತ್ತಿದ ಬಗೆಯೂ ನಮಗೆಲ್ಲ ಒಂದು ಪಾಠವಾಗಿದೆ.

1990ರ ಸುಮಾರಿಗೆ ನೆಲ್ಲೂರು, ಗೋದಾವರಿ, ಕೃಷ್ಣಾ ಜಿಲ್ಲೆಗಳ ಕಡಲಂಚಿನಲ್ಲಿ ಎಲ್ಲಿ ನೋಡಿದರೂ ಸಿಗಡಿಯ ಕೊಳಗಳೇ. ಹುಲಿ ಸಿಗಡಿಯ ಮರಿಗಳನ್ನು ಉಪ್ಪುನೀರಿನ ಕೊಳದಲ್ಲಿ ಬಿಟ್ಟು ನಾಲ್ಕೈದು ತಿಂಗಳು ಸಾಕಿದರೆ ಪರದೇಶದ ವ್ಯಾಪಾರಿಗಳು ಕೈತುಂಬ ಹಣ ಕೊಡುತ್ತಿದ್ದರು. ಇದನ್ನು ಕಂಡು ಒಂದೆರಡು ಎಕರೆಯ ಸಣ್ಣ ರೈತನೂ ಸಾಲ ಮಾಡಿ ಕೊಳ ತೋಡಿದನು. ಮರಿಗೆ ಸಾಲ, ಮೇವಿಗೆ ಸಾಲ, ನೀರೆತ್ತುವ ಎಣ್ಣೆಗೂ ಸಾಲ. ಬೆಳೆ ಕೈಗೆ ಬಂದರೆ ಎಲ್ಲವೂ ತೀರುತ್ತಿತ್ತು. ಬಾರದಿದ್ದರೆ ನೆಲವೇ ಹೋಗುತ್ತಿತ್ತು.

1994ರಲ್ಲಿ ಆ ಕೇಡು ಬಂದೇ ಬಂದಿತು. ಚೆನ್ನಾಗಿ ಮೇಯುತ್ತಿದ್ದ ಸಿಗಡಿಗಳು ಒಮ್ಮೆಲೇ ಮೇವು ಬಿಟ್ಟು, ಮಂಕಾಗಿ ಕೊಳದ ಅಂಚಿಗೆ ಬಂದು ನಿಲ್ಲತೊಡಗಿದವು. ಹಿಡಿದು ನೋಡಿದರೆ ತಲೆಯ ಚಿಪ್ಪಿನ ಮೇಲೆ ಸುಣ್ಣದ ಹನಿ ಸಿಡಿದಂತೆ ಬಿಳಿಯ ಚುಕ್ಕೆಗಳು. ಮೂರು ದಿನದಿಂದ ಹತ್ತು ದಿನದೊಳಗೆ ಕೊಳಕ್ಕೆ ಕೊಳವೇ ಸಾಯುತ್ತಿತ್ತು. ಇದೇ ಬಿಳಿಚುಕ್ಕೆ ರೋಗ. ಚೀನಾ, ತೈವಾನ್, ಜಪಾನ್ ಮೊದಲಾದ ಪೂರ್ವದೇಶಗಳಲ್ಲಿ ಮೊದಲು ಕಾಣಿಸಿಕೊಂಡ ಈ ವೈರಸ್ಸು ಎರಡು ವರ್ಷಗಳಲ್ಲೇ ನಮ್ಮ ತೀರವನ್ನೂ ಮುಟ್ಟಿತ್ತು.

ಔಷಧ ಕೊಡಬಾರದಿತ್ತೇ ಎಂದು ವಾಚಕರು ಕೇಳಬಹುದು. ಈ ರೋಗಕ್ಕೆ ಔಷಧವಿಲ್ಲ. ನಮ್ಮ ಮಕ್ಕಳಿಗೆ ಪೋಲಿಯೋ ಲಸಿಕೆ ಹಾಕಿದರೆ ಮೈಯೊಳಗಿನ ರಕ್ಷಣಾಶಕ್ತಿಯು ಆ ರೋಗವನ್ನು ನೆನಪಿಟ್ಟುಕೊಂಡು ಮುಂದೆ ಎದುರಿಸುತ್ತದೆ. ಸಿಗಡಿಗೆ ಅಂಥ ನೆನಪು ಇಲ್ಲ. ದಿಕ್ಕುಗೆಟ್ಟ ರೈತರು ಅಂಗಡಿಯವನು ಕೊಟ್ಟ ಆಂಟಿಬಯೋಟಿಕ್ಕುಗಳನ್ನು ಕೊಳಕ್ಕೆ ಸುರಿದರು. ಅವು ಬ್ಯಾಕ್ಟೀರಿಯಾಗಳ ಮದ್ದೇ ಹೊರತು ವೈರಸ್ಸಿಗಲ್ಲ. ಅದರಿಂದ ರೋಗವೂ ಹೋಗಲಿಲ್ಲ, ಹಣವೂ ಉಳಿಯಲಿಲ್ಲ. ಸಾಲದ್ದಕ್ಕೆ, ಸಿಗಡಿಯ ಮಾಂಸದಲ್ಲಿ ಮದ್ದಿನ ಅಂಶ ಸಿಕ್ಕಿತೆಂದು ಯೂರೋಪಿನವರು ಮಾಲನ್ನೇ ಹಿಂದಕ್ಕೆ ಕಳುಹಿಸತೊಡಗಿದರು.

ಇದಕ್ಕಿಂತ ಕಠಿಣವಾದ ಮಾತು ಇನ್ನೊಂದಿದೆ. ಕರಾವಳಿಯ ಕೊಳಗಳೆಲ್ಲ ಒಂದೇ ಕಾಲುವೆಯ ನೀರನ್ನು ಹಂಚಿಕೊಳ್ಳುತ್ತವೆ. ಒಬ್ಬನು ಬಿಟ್ಟ ನೀರು ಇನ್ನೊಬ್ಬನು ಪಡೆವ ನೀರು. ರೋಗ ತಗಲಿದ ಕೊಳವನ್ನು ರೈತನು ರಾತ್ರೋರಾತ್ರಿ ಕಾಲುವೆಗೆ ತೆರೆದನೆಂದರೆ ಬೆಳಗಾಗುವಷ್ಟರಲ್ಲಿ ವೈರಸ್ಸು ನೆರೆಯವನ ಕೊಳದಲ್ಲಿ. ಏಡಿಗಳು ಕಟ್ಟೆ ದಾಟಿ ಅದನ್ನು ಹೊತ್ತೊಯ್ಯುತ್ತವೆ. ಹಕ್ಕಿಗಳು ಸತ್ತ ಸಿಗಡಿಯನ್ನು ಕಚ್ಚಿ ತಂದು ಬೀಳಿಸುತ್ತವೆ. ಆದಕಾರಣ ಒಬ್ಬನು ಎಷ್ಟೇ ಜಾಗರೂಕನಾಗಿದ್ದರೂ ಒಬ್ಬಂಟಿಯಾಗಿ ಉಳಿಯಲಾರನು.

ಈ ಗುಟ್ಟನ್ನು ಹಿಡಿದೇ ಪರಿಹಾರ ಹುಟ್ಟಿತು. 2000ದಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು ಬ್ಯಾಂಕಾಕಿನಲ್ಲಿರುವ ಏಷ್ಯಾ–ಪೆಸಿಫಿಕ್ ಜಲಕೃಷಿ ಸಂಸ್ಥೆಯ ನೆರವಿನಿಂದ ಆಂಧ್ರದ ನೂರಾರು ಕೊಳಗಳನ್ನು ಪರೀಕ್ಷಿಸಿತು. ರೋಗ ಬಂದ ಕೊಳ ಯಾವುದು, ಬಾರದ ಕೊಳ ಯಾವುದು, ಎರಡಕ್ಕೂ ಭೇದವೇನು ಎಂದು ವಿಚಾರಿಸಿದರು. ಮುಂದೆ ಪಶ್ಚಿಮ ಗೋದಾವರಿಯ ಮೊಗಲ್ತೂರು ಮುಂತಾದ ಊರುಗಳಲ್ಲಿ ಬೆರಳೆಣಿಕೆಯ ರೈತರೊಡನೆ ಪ್ರಯೋಗ ಪ್ರಾರಂಭವಾಯಿತು. ಒಂದೇ ಕಾಲುವೆಯ ರೈತರು ಕೂಡಿ 'ಆಕ್ವಾ ಕ್ಲಬ್' ಎಂಬ ಸಂಘ ಕಟ್ಟಿಕೊಂಡರು.

ಸಂಘದ ಕಟ್ಟಳೆಗಳು ಸರಳವಾದವು. ಬೆಳೆ ತೆಗೆದ ಮೇಲೆ ಕೊಳವನ್ನು ಬಿಸಿಲಿಗೆ ಬಿರುಕು ಬಿಡುವವರೆಗೆ ಒಣಗಿಸಿ, ತಳದ ಕಪ್ಪು ಕೆಸರನ್ನು ತೆಗೆದು, ಉತ್ತು ಸುಣ್ಣ ಹಾಕುವುದು. ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿಯೇ ಒಳಬಿಡುವುದು. ಮರಿಗಳನ್ನು ಕಿಕ್ಕಿರಿಯದಂತೆ, ಊರವರೆಲ್ಲ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಬಿಡುವುದು. ಮುಖ್ಯವಾಗಿ, ರೋಗ ಬಂದರೆ ಮುಚ್ಚಿಡದೆ ನೆರೆಯವರಿಗೆ ತಿಳಿಸಿ, ಆ ನೀರನ್ನು ಕಾಲುವೆಗೆ ಬಿಡದೆ, ಬ್ಲೀಚಿಂಗ್ ಪುಡಿ ಹಾಕಿ ಕೊಳದಲ್ಲೇ ನಿಲ್ಲಿಸುವುದು. ಸಾಲಗಾರನಾದವನಿಗೆ ಈ ಕೊನೆಯ ಕಟ್ಟಳೆಯೇ ಬಹು ಕಷ್ಟದ್ದು. ತನ್ನ ನಷ್ಟವನ್ನು ನಾಲ್ವರ ಮುಂದೆ ಒಪ್ಪಿಕೊಳ್ಳುವುದು ಯಾರಿಗೆ ತಾನೆ ಸುಲಭ?

ಮರಿಗಳ ಆಯ್ಕೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ತಾಯಿ ಸಿಗಡಿಯಿಂದಲೇ ಮರಿಗೆ ವೈರಸ್ಸು ಬರುವುದುಂಟು; ಆದರೆ ಅಂಥ ಮರಿ ನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಅದನ್ನು ಪತ್ತೆಹಚ್ಚಲು ಪಿ.ಸಿ.ಆರ್. ಎಂಬ ಪರೀಕ್ಷೆ ಬೇಕು; ಕೋವಿಡ್ಡಿನ ಕಾಲದಲ್ಲಿ ನಾವೆಲ್ಲ ಈ ಹೆಸರನ್ನು ಕೇಳಿದ್ದೇವೆ. 1990ರ ದಶಕದಲ್ಲಿಯೇ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಡಾ. ಇಂದ್ರಾಣಿ ಕರುಣಾಸಾಗರ್, ಡಾ. ಇಡ್ಯ ಕರುಣಾಸಾಗರ್ ಮತ್ತು ಅವರ ಶಿಷ್ಯರು ಈ ಪರೀಕ್ಷೆಯಿಂದ ಸಿಗಡಿಯ ವೈರಸ್ಸನ್ನು ಗುರುತಿಸುವ ಕೆಲಸ ಮಾಡಿದರು. ಒಬ್ಬ ಸಣ್ಣ ರೈತನ ಮಾತಿಗೆ ಮರಿ ಮಾರುವವನು ಬೆಲೆ ಕೊಡಲಾರನು; ಊರಿನ ಸಂಘವೇ ಹೋಗಿ, ಪರೀಕ್ಷೆಯಾದ ಮರಿಗಳನ್ನೇ ಕೊಡಬೇಕೆಂದರೆ ಇಲ್ಲವೆನ್ನಲಾರನು.

ಫಲವು ನಿಧಾನವಾಗಿಯಾದರೂ ಬಂದಿತು. ರೋಗ ಇಳಿಯಿತು, ಖರ್ಚು ತಗ್ಗಿತು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕಿ ರೈತರು ಈ ದಾರಿ ಹಿಡಿದರು. ಈ ಕೆಲಸವನ್ನು ಮುಂದುವರಿಸಲು 2007ರಲ್ಲಿ ಸುಸ್ಥಿರ ಜಲಕೃಷಿಯ ರಾಷ್ಟ್ರೀಯ ಕೇಂದ್ರವು ಸ್ಥಾಪಿತವಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2009ರಿಂದ ವನಾಮಿ ಎಂಬ ಪರದೇಶದ ಸಿಗಡಿಯನ್ನು ಸಾಕಲು ಅನುಮತಿ ದೊರೆತು, ಹೆಚ್ಚಿನ ಕೊಳಗಳು ಅದಕ್ಕೆ ಮನೆಯಾಗಿವೆ. ಹೊರಗಿನಿಂದ ಬರುವ ತಾಯಿ ಸಿಗಡಿಗಳನ್ನು ಚೆನ್ನೈಯಲ್ಲಿ ಬೇರೆಯಾಗಿರಿಸಿ, ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಆದರೂ ಬಿಳಿಚುಕ್ಕೆ ಪೂರ್ತಿ ತೊಲಗಿಲ್ಲ. ಸಿಗಡಿಯನ್ನು ಕೊಲ್ಲದೆ ಬೆಳೆಯಗೊಡದೆ ಕಾಡುವ ಇ.ಎಚ್.ಪಿ. ಎಂಬ ಪರೋಪಜೀವಿಯೂ ಬಂದು ಸೇರಿದೆ. ಅದಕ್ಕೂ ಒಣಗಿಸಿದ ಕೊಳ, ಸುಣ್ಣ, ಶುದ್ಧವಾದ ಮರಿ ಇವೇ ಕಾವಲು.

ಬಡವನ ಮನೆಗೆ ಬಂದ ಹಣ ಅಲ್ಲಿಯೇ ನಿಲ್ಲಬೇಕಾದರೆ ಬೆಳೆಯನ್ನು ಹೆಚ್ಚಿಸುವುದಷ್ಟೇ ಸಾಲದು, ಬೆಳೆ ಸಾಯದಂತೆ ಕಾಯಬೇಕು. ಕಾಯುವ ಕೆಲಸವೋ ಒಬ್ಬನಿಂದಾಗುವುದಲ್ಲ. ನೆರೆಯವನ ಕೊಳ ಉಳಿದರೆ ಮಾತ್ರ ತನ್ನ ಕೊಳ ಉಳಿದೀತೆಂಬುದನ್ನು ಆ ರೈತರು ಬಹಳ ನಷ್ಟಪಟ್ಟು ಕಲಿತರು. ಒಂದೇ ಕಟ್ಟಡದಲ್ಲಿ, ಒಂದೇ ತೊಟ್ಟಿಯ ನೀರು ಕುಡಿದು ಬಾಳುವ ನಮಗೂ ಈ ಮಾತು ಹೊಸದಾಗಬಾರದು.