ರೊಟ್ಟಿ ಬಿಡಿಸುವ ಮುನ್ನ ಗಂಟು ನೋಡಿ

ನಾಯಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಈಗ ಮೊದಲು ಬದಲಾಗುವುದು ಅದರ ತಾಟು. ಜೋಳದ ರೊಟ್ಟಿ ಬಂದ್, ಅನ್ನ ಬಂದ್. ಅದರ ಜಾಗಕ್ಕೆ ಹಸಿ ಮಾಂಸ, ಅರಿಸಿನ, ಕೊಬ್ಬರಿ ಎಣ್ಣೆ, ಕೈಯಲ್ಲಿ ಕಾಸಿದ್ದರೆ ಹುಬ್ಬಳ್ಳಿಯಿಂದ ತರಿಸಿದ ಧಾನ್ಯರಹಿತ ಆಹಾರದ ಚೀಲ. ಕಾಳಜಿ ದೊಡ್ಡದೇ, ಕ್ರಮ ಮಾತ್ರ ಹಿಂದುಮುಂದು. ಯಾವ ಕ್ಯಾನ್ಸರ್ ಎಂದು ತಿಳಿಯುವ ಮೊದಲೇ ಯಾವ ಪಥ್ಯ ಎಂದು ಕೇಳುವುದರಿಂದ ನಾಯಿಗೆ ನಷ್ಟವೇ ಹೆಚ್ಚು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಓಣಿಗಳಲ್ಲಿ ಬಿಟ್ಟು ಸಾಕಿದ ನಾಯಿಗಳ ಮಟ್ಟಿಗೆ ಈ ಮಾತು ಇನ್ನೂ ಖರೆ. ಬಿಡಾಡಿಯಾಗಿ ತಿರುಗುವ ನಾಯಿಗಳಲ್ಲಿ ನಮ್ಮ ದೇಶದಲ್ಲಿ ಪದೇ ಪದೇ ಕಾಣುವ ಗಡ್ಡೆಯೊಂದಕ್ಕೆ ಯಾವ ಪಥ್ಯವೂ ನಾಟುವುದಿಲ್ಲ, ಅಗ್ಗದ ಒಂದು ಇಂಜೆಕ್ಷನ್ ನಾಟುತ್ತದೆ.

ಆ ಗಡ್ಡೆಯ ಕಥೆ ಎಷ್ಟು ಸಲ ಓದಿದರೂ ಬೆರಗು ಹಳತಾಗುವುದಿಲ್ಲ. 1876ರಲ್ಲಿ ರಷ್ಯಾದ ಪಶುವೈದ್ಯ ಮ್ಸ್ತಿಸ್ಲಾವ್ ನೊವಿನ್ಸ್ಕಿ ಒಂದು ನಾಯಿಯ ಗಡ್ಡೆಯ ಚೂರನ್ನು ಇನ್ನೊಂದು ನಾಯಿಗೆ ನಾಟಿ ಮಾಡಿದ. ಅದು ಅಲ್ಲಿ ಬೇರೂರಿ ಬೆಳೆಯಿತು. ಬೆದೆಗೆ ಬಂದಾಗ ಕೂಡುವುದರಿಂದ, ನೆಕ್ಕುವುದರಿಂದ, ಮೂಸುವುದರಿಂದ ನಾಯಿಯಿಂದ ನಾಯಿಗೆ ಹಬ್ಬುವ ಕ್ಯಾನ್ಸರ್ ಇದು. ಇಲ್ಲಿ ಹಬ್ಬುವುದು ವೈರಸ್ ಅಲ್ಲ, ಗಡ್ಡೆಯ ಜೀವಕೋಶವೇ ಮೈಯಿಂದ ಮೈಗೆ ದಾಟುತ್ತದೆ. ನಾಯಿಯ ಜೀವಕೋಶದಲ್ಲಿ 78 ವರ್ಣತಂತುಗಳಿರಬೇಕು, ಈ ಗಡ್ಡೆಯಲ್ಲಿ 60ರ ಆಸುಪಾಸು. ಅಂದರೆ ಗಡ್ಡೆ ಹೊತ್ತ ನಾಯಿ ಬೇರೆ, ಗಡ್ಡೆ ಹುಟ್ಟಿದ ನಾಯಿಯೇ ಬೇರೆ. 2019ರಲ್ಲಿ 43 ದೇಶಗಳ 546 ಗಡ್ಡೆಗಳ ತಳಿಗುಣ ಓದಿದ ಸಂಶೋಧಕರು ಇವೆಲ್ಲ ಏಷ್ಯಾದಲ್ಲಿ 4,000ದಿಂದ 8,500 ವರ್ಷಗಳ ಹಿಂದೆ ಬದುಕಿದ್ದ ಒಂದೇ ನಾಯಿಯ ಕೋಶಗಳ ಸಂತತಿ ಎಂದು ಲೆಕ್ಕ ಹಾಕಿದರು. ಸವಣೂರಿನ ಎಲೆತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ವೀಳ್ಯದ ಬಳ್ಳಿ ಬೀಜದಿಂದ ಬರುವುದಿಲ್ಲ, ಹಳೆ ಬಳ್ಳಿಯ ತುಂಡೇ ಹೊಸ ತೋಟವಾಗುತ್ತದೆ. ಆ ಮೂಲ ನಾಯಿ ಸತ್ತು ಸಾವಿರಾರು ವರ್ಷವಾದರೂ ಅದರ ಮೈಯ ಒಂದು ತುಂಡು ಇಂದಿಗೂ ನಮ್ಮ ಬಸ್‌ಸ್ಟ್ಯಾಂಡಿನ ನಾಯಿಗಳ ಮೇಲೆ ಜೀವಂತವಾಗಿದೆ. ಇಷ್ಟು ಕಾಲ, ಇಷ್ಟು ದೇಶ ದಾಟಿ ಬಂದದ್ದು ಅನ್ನ ಬಿಡಿಸಿದ್ದಕ್ಕೆ ಉಪವಾಸ ಬಿದ್ದು ಸಾಯುತ್ತದೆಯೇ?

ಇದನ್ನು ಗುರುತಿಸುವುದು ಹೆಚ್ಚಾಗಿ ಕಷ್ಟವಲ್ಲ. ಜನನಾಂಗದ ಬಳಿ, ಕೆಲವೊಮ್ಮೆ ಮೂಗಿನಲ್ಲಿ, ಕೆಂಪಗೆ ಗಂಟುಗಂಟಾದ ಮಾಂಸ. ಮುಟ್ಟಿದರೆ ರಕ್ತ ಒಸರುತ್ತದೆ. ಸಣ್ಣ ಸೂಜಿಯಲ್ಲಿ ಎಳೆದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿದರೆ ದುಂಡನೆಯ ಕೋಶಗಳು, ಅವುಗಳೊಳಗೆ ತಿಳಿಯಾದ ಗುಳ್ಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಹಿರೇಕೆರೂರಿನವರಿಗೆ ಶಿವಮೊಗ್ಗದ, ಸವಣೂರು ಕಡೆಯವರಿಗೆ ಗದಗಿನ ಪಶುವೈದ್ಯಕೀಯ ಕಾಲೇಜಿದೆ. ಮದ್ದು ವಿನ್‌ಕ್ರಿಸ್ಟೀನ್, ವಾರಕ್ಕೊಂದು ಇಂಜೆಕ್ಷನ್, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಹತ್ತರಲ್ಲಿ ಒಂಬತ್ತು ನಾಯಿ ಪೂರ್ತಿ ಗುಣವಾಗುತ್ತವೆ. ಆ ಮದ್ದು ಬಂದದ್ದು ನಮ್ಮ ಅಂಗಳಗಳಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ಕಾಶಿ ಕಣಗಿಲೆಯಿಂದ. ಹಾಗಾದರೆ ಎಲೆಯನ್ನೇ ಅರೆದು ತಿನ್ನಿಸಿದರಾಯಿತಲ್ಲ ಎನ್ನುವವರು ಇದ್ದೇ ಇರುತ್ತಾರೆ. ಆಗದು. ಅತ್ಯಲ್ಪ ಮದ್ದಿಗೂ ರಾಶಿ ರಾಶಿ ಎಲೆ ಬೇಕು, ಎಲೆಯಲ್ಲಿ ಬೇರೆ ವಿಷಗಳೂ ಇವೆ. ಶುದ್ಧ ಮದ್ದು ಕೂಡ ರಕ್ತನಾಳ ತಪ್ಪಿ ಒಂದು ಹನಿ ಹೊರಗೆ ಸೋರಿದರೆ ಮಾಂಸ ಕೊಳೆಸುತ್ತದೆ.

ಎಲ್ಲ ಗಂಟೂ ಇಷ್ಟು ಸುಲಭದ್ದಲ್ಲ, ನಿಜ. ದುಗ್ಧರಸ ಗ್ರಂಥಿಯ ಕ್ಯಾನ್ಸರಿಗೆ ಪಥ್ಯದ ಪರವಾಗಿ ಹೇಳಲು ಒಂದಿಷ್ಟು ಇದೆ. ಗಡ್ಡೆ ಸಕ್ಕರೆಯನ್ನು ವಿಪರೀತ ಸುಡುತ್ತದೆ ಎಂದು ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದ. ಅದರ ಬೆನ್ನು ಹಿಡಿದು ಅಮೆರಿಕದ ಪಶುವೈದ್ಯ ಗ್ರೆಗರಿ ಓಗಿಲ್ವಿ ಮತ್ತು ಸಂಗಡಿಗರು 32 ನಾಯಿಗಳ ಮೇಲೆ ನಡೆಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು: ಮೀನೆಣ್ಣೆ ಮತ್ತು ಅರ್ಜಿನಿನ್ ಸೇರಿಸಿದ ಆಹಾರ ಒಂದು ಗುಂಪಿಗೆ, ಹೋಲಿಕೆಗೆ ಬೇರೆಯದು ಇನ್ನೊಂದಕ್ಕೆ. ರಕ್ತದಲ್ಲಿ ಮೀನೆಣ್ಣೆಯ ಕೊಬ್ಬಿನಾಮ್ಲ ಏರಿದಂತೆ, ಮೂರನೆಯ ಹಂತದ ರೋಗವಿದ್ದ ನಾಯಿಗಳು ಹೆಚ್ಚು ಕಾಲ ಬಾಳಿದವು. ಚೀಲ ಮಾರುವವರು ಇದನ್ನೇ ಎತ್ತಿ ಹೇಳುತ್ತಾರೆ. ಎರಡೂ ಗುಂಪಿಗೆ ಡಾಕ್ಸೊರುಬಿಸಿನ್ ಎಂಬ ಕಿಮೊ ಮದ್ದು ಕೊಟ್ಟಿದ್ದರು ಎಂಬುದನ್ನು ನುಂಗುತ್ತಾರೆ. ಊಟ ಮದ್ದಿಗೆ ಹೆಗಲು ಕೊಟ್ಟೀತು, ಮದ್ದಾಗಲಿಲ್ಲ. ಮೀನೆಣ್ಣೆಗೆ ಘಟ್ಟದ ಕೆಳಗಿನ ಬೂತಾಯಿ ಸಾಕು, ವಿದೇಶಿ ಡಬ್ಬಿಯೇ ಆಗಬೇಕೆಂದಿಲ್ಲ. ಇನ್ನು ಸಕ್ಕರೆಯ ವಾದ: ಪಿಷ್ಟವನ್ನೆಲ್ಲ ನಿಲ್ಲಿಸಿದರೂ ನಾಯಿಯ ಯಕೃತ್ತು ಮಾಂಸದಿಂದಲೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಗಡ್ಡೆಯನ್ನಷ್ಟೇ ಉಪವಾಸ ಕೆಡವುವ ದಾರಿಯಿಲ್ಲ.

ನಾಯಿ ಮಾಂಸಾಹಾರಿ, ರೊಟ್ಟಿ ಅದರ ಜಾತಿಗೆ ಹೊಂದುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ತೋಳಕ್ಕೆ ಹೊಂದುವುದಿಲ್ಲ, ಒಪ್ಪೋಣ. ಆದರೆ 2013ರಲ್ಲಿ ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ತಂಡ ತೋರಿಸಿದಂತೆ, ಪಿಷ್ಟ ಜೀರ್ಣಿಸುವ ಕಿಣ್ವದ ಜೀನು ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಒಕ್ಕಲುತನದ ಮನೆಯ ಬಾಗಿಲಲ್ಲಿ ಬೆಳೆದ ಪ್ರಾಣಿ ಅದು. ಸಾವಿರಾರು ವರ್ಷದ ಅನ್ನದ ಋಣವನ್ನು ಕ್ಯಾನ್ಸರ್ ಬಂದ ವಾರವೇ ಕಡಿದರೆ ಬೇಧಿ ಹಿಡಿಯುತ್ತದೆ, ತೂಕ ಇಳಿಯುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬಂದ 100 ನಾಯಿಗಳನ್ನು ಅಳೆದಾಗ ತೀರಾ ಬಡಕಲಾದವು 4, ದಪ್ಪಗಾದವು 29. ಅಲ್ಲಿನ ಪಥ್ಯ ಅಲ್ಲಿನ ನಾಯಿಗಳಿಗೆ. ಉಣ್ಣೆ, ಜಂತುಹುಳದಿಂದ ಮೊದಲೇ ಪಕ್ಕೆಲುಬು ಎಣಿಸಬಹುದಾದ ನಮ್ಮ ನಾಯಿಗೆ ಅದನ್ನೇ ಹಚ್ಚುವುದು ತಪ್ಪು.

ಗುಣವಾಗದಿದ್ದರೆ ಬೇಡ, ಕೆಡುಕಂತೂ ಆಗದಲ್ಲ ಎನ್ನುವ ಮಾತೂ ನಿಲ್ಲದು. ಕಿಮೊ ಕೊಟ್ಟ ವಾರದ ಆಸುಪಾಸು ಬಿಳಿ ರಕ್ತಕಣ ಇಳಿದಿರುವಾಗ ಹಸಿ ಮಾಂಸದ ಸಾಲ್ಮೊನೆಲ್ಲಾ ನಂಜಾಗಬಲ್ಲದು. ಔಷಧಿ ಎಂದು ಕೊಡುವ ಬೆಳ್ಳುಳ್ಳಿ, ಸಾರಿನ ತಳದಲ್ಲಿ ಉಳಿದ ಉಳ್ಳಾಗಡ್ಡಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಬಿಡುವುದಿಲ್ಲ. ಉಳ್ಳಾಗಡ್ಡಿಯಾದರೆ 15 ಕಿಲೋ ನಾಯಿಗೆ 75 ಗ್ರಾಂ, ಅಂದರೆ ಒಂದು ಸಾಧಾರಣ ಗಡ್ಡೆಯೇ ಅಪಾಯದ ಗೆರೆ. ಕೊಡಬೇಕಾದದ್ದು ಇಷ್ಟು: ಬೆಂದ ತತ್ತಿ, ಎಲುಬು ತೆಗೆದು ಬೇಯಿಸಿದ ಕೋಳಿ, ಮೆತ್ತಗಿನ ಅನ್ನ ಅಥವಾ ಹಾಲಿಲ್ಲದೆ ನೆನೆಸಿದ ರೊಟ್ಟಿ, ಉಗುರುಬೆಚ್ಚಗೆ, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ. ವಾರದ ಇಂಜೆಕ್ಷನ್ನಿಗೆ ಒಯ್ದಾಗ ತಕ್ಕಡಿಗೆ ಹಾಕಿಸಿ ಚೀಟಿಯ ಮೇಲೆ ತೂಕ ಬರೆಸಿಕೊಳ್ಳಬೇಕು. ಮದ್ದಿನ ಪ್ರಮಾಣ ನಿರ್ಧಾರವಾಗುವುದೂ ಅದರ ಮೇಲೆಯೇ.