ಟೆಂಟೋ, ರೆಸಾರ್ಟೋ? ಲೆಕ್ಕ ಹಾಕಿ ನೋಡೋಣ

ಪ್ರವಾಸದ ಮಾತು ಬಂದಾಗಲೆಲ್ಲ ನಮ್ಮ ತರಗತಿಯಲ್ಲಿ ಎರಡು ಗುಂಪು. ಒಂದಕ್ಕೆ ಗೋಕರ್ಣದ ಕಡಲ ತೀರದ ಟೆಂಟ್ ಸಾಕು. ಇನ್ನೊಂದಕ್ಕೆ ಕಾರವಾರದ ದೇವಬಾಗದಂಥ ಕಡೆ ರೆಸಾರ್ಟೇ ಬೇಕು. ಬುಕ್ಕಾಪಟ್ಟಣದಿಂದ ಸಮುದ್ರ ದೂರ, ಹೋಗುವುದೇ ಅಪರೂಪ. ಆದ್ದರಿಂದ ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕ ಹಾಕಿದೆ.

ಮೊದಲು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ. 5; ಅದಕ್ಕೂ ಮೇಲಾದರೆ ಶೇ. 18. ಅಂದರೆ 7,000 ರೂ. ಕೊಠಡಿಗೆ ಒಟ್ಟು 7,350 ಆದರೆ, 8,000 ರೂ. ಕೊಠಡಿಗೆ 9,440. ಬಾಡಿಗೆಯ ವ್ಯತ್ಯಾಸ 1,000. ಕೈಯಿಂದ ಹೆಚ್ಚು ಹೋಗುವುದು 2,090.

ಎರಡನೆಯದು ಬಸ್. ಅದು ಸ್ಥಿರ ವೆಚ್ಚ. ಬಾಡಿಗೆ 40,000 ಎಂದುಕೊಳ್ಳಿ. 50 ಜನ ಬಂದರೆ ತಲೆಗೆ 800. ರೆಸಾರ್ಟ್ ದುಬಾರಿಯೆಂದು 18 ಜನ ಹಿಂದೆ ಸರಿದರೆ, ಉಳಿದವರಿಗೆ ತಲಾ 1,250.

ಹಿಂದೆ ಸರಿಯುವವರು ದುಡ್ಡಿಲ್ಲ ಎನ್ನುವುದಿಲ್ಲ. “ಮನೆಯಲ್ಲಿ ಮದುವೆ ಇದೆ” ಎನ್ನುತ್ತಾರೆ. ಕಳೆದ ವರ್ಷ ನಾನೂ ಹಾಗೇ ಹೇಳಿದ್ದೆ.

ಹಾಗೆಂದು ಅಗ್ಗವಾದದ್ದೆಲ್ಲ ಒಳ್ಳೆಯದಲ್ಲ. ಶೌಚಾಲಯ, ಕುಡಿಯುವ ನೀರು, ರಾತ್ರಿ ಬೆಳಕು, ಹುಡುಗಿಯರಿಗೆ ಪ್ರತ್ಯೇಕ ಜಾಗ, ತೀರದಲ್ಲಿ ಜೀವರಕ್ಷಕರು ಇಲ್ಲದಿದ್ದರೆ ಟೆಂಟ್ ಬೇಡ. ಮಳೆಗಾಲದಲ್ಲಂತೂ ಬೇಡವೇ ಬೇಡ. ರೆಸಾರ್ಟ್ ದರದಲ್ಲಿ ಊಟ ಸೇರಿರುವುದುಂಟು. ಹಾಗಿದ್ದರೆ ಟೆಂಟಿನ ದರಕ್ಕೂ ಊಟದ ಖರ್ಚು ಸೇರಿಸಿಯೇ ಹೋಲಿಸಬೇಕು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ನಮ್ಮ ಮನೆಯ ಉರ್ದುವಿನಲ್ಲೂ ಇದೆ. ಅಲ್ಲಿ ಹಾಸಿಗೆಯ ಬದಲು ಚಾದರ, ಅಷ್ಟೇ. ಸ್ಥಳ ನಿರ್ಧರಿಸುವ ಮೊದಲು, ಯಾರು ಎಷ್ಟು ಕೊಡಬಲ್ಲರೆಂದು ಹೆಸರಿಲ್ಲದ ಚೀಟಿಯಲ್ಲಿ ಬರೆಸಿಕೊಳ್ಳೋಣ. ಎಲ್ಲರಿಗೂ ಎಟುಕುವ ಮೊತ್ತ ಗೊತ್ತಾದ ಮೇಲೆ ಟೆಂಟೋ ರೆಸಾರ್ಟೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.